ನಿಮ್ಮ ಪ್ರಶ್ನೆ, ನನ್ನ ಉತ್ತರ: ಇಡ್ಲಿ ಬೇಯಿಸುವ ಆಟ, ಮತ್ತೆ ಓದಿದ 'ಶಿಕಾರಿ'

ಪ್ರಶ್ನೆ: ಅಕ್ಕಾ, ಮಗನ ಜೊತೆ ಕೂತು ವಿಡಿಯೊ ಗೇಮ್ ಆಡಿ ಕಣ್ಣೀರು ಬಂತು ಅಂತ ಹೋದ ಸಲ ಒಂದು ಸಾಲು ಬರೆದು ಬಿಟ್ಟುಬಿಟ್ಟಿರಿ. ಯಾವ ಆಟ ಅದು? ನನ್ನ ಮಗಳಿಗೆ ಹದಿನಾಲ್ಕು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇಡೀ ದಿನ ಗೇಮ್ ಅಂತ ದಿನಾ ಜಗಳ.
– ಓದುಗಿ, ಡೊಂಬಿವಲಿ

ಉತ್ತರ: ಆಟದ ಹೆಸರು 'ವೆಂಬಾ'. 2023ರಲ್ಲಿ ಬಂತು, ಟೊರಾಂಟೊದ ಒಂದು ಚಿಕ್ಕ ತಂಡ ಮಾಡಿದ್ದು. ಬಂದೂಕಿಲ್ಲ, ಓಡಾಟವಿಲ್ಲ. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ಗಂಡ ಹೆಂಡತಿ, ಅಲ್ಲೇ ಹುಟ್ಟಿ ಬೆಳೆಯುವ ಮಗ, ಇಷ್ಟೇ ಜನ. ವೆಂಬಾ ಅಂದರೆ ಆ ತಾಯಿಯ ಹೆಸರು. ಅವಳ ಹತ್ತಿರ ತನ್ನ ಅಮ್ಮನ ಅಡುಗೆ ಪುಸ್ತಕ ಇದೆ, ಆದರೆ ಹರಿದಿದೆ, ಅಲ್ಲಲ್ಲಿ ಅಕ್ಷರ ಅಳಿಸಿಹೋಗಿದೆ. ಉಳಿದಿರುವ ಅರ್ಧದಿಂದ ಇಲ್ಲದ ಅರ್ಧವನ್ನು ಊಹಿಸಿ ಅಡುಗೆ ಮುಗಿಸಬೇಕು. ಮೊದಲನೆಯದೇ ಇಡ್ಲಿ! ತಟ್ಟೆ ಹೇಗೆ ಜೋಡಿಸಿದರೆ ಹಬೆ ಸರಿಯಾಗಿ ಆಡುತ್ತದೆ ಅಂತ ನನ್ನ ಮಗನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವನು ಆಡುವ ಆಟದಲ್ಲಿ ನಾನು ಹೇಳಿಕೊಟ್ಟದ್ದು ಅದೇ ಮೊದಲು.

ಮುಂದೆ ಆ ಹುಡುಗ ದೊಡ್ಡವನಾಗುತ್ತಾನೆ. ಅಮ್ಮ ತಮಿಳಲ್ಲಿ ಕೇಳಿದರೆ ಇಂಗ್ಲಿಷಲ್ಲಿ ಉತ್ತರ. ಒಂದು ಹಂತದಲ್ಲಿ ಅಡುಗೆ ಮಾಡುವವನೇ ಅವನು, ಅಜ್ಜಿಯ ಪುಸ್ತಕ ಓದಲು ಪರದಾಡುತ್ತಾನೆ. ಅಲ್ಲಿಗೆ ಬಂದಾಗ ನನ್ನ ಮಗ ಸುಮ್ಮನಾದ. ನಮ್ಮ ಮುಲುಂಡಿನ ಮನೆಯಲ್ಲೂ ಅದೇ ಅಲ್ವಾ, ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಹಿಂದಿಯಲ್ಲಿ ಹೇಳುತ್ತಾನೆ.

ಆ ರಾತ್ರಿ ಅವನಾಗಿಯೇ ಕೇಳಿದ, ಅಜ್ಜಿ ಇಂಥ ಪುಸ್ತಕ ಬರೆದಿಟ್ಟಿದ್ದಾಳಾ ಅಂತ. ನನ್ನ ಆಯಿ ಕುಮಟೆಯಿಂದ ಬರುವಾಗ ತಂದ ನೋಟ್‌ಬುಕ್ ಒಂದಿದೆ, ಎಣ್ಣೆ ಕಲೆಯಾಗಿ ಹಾಳೆ ಪಾರದರ್ಶಕವಾಗಿದೆ. ಅಪ್ಪೆಹುಳಿಯ, ಅಂದರೆ ಕುಡಿಯುವ ಮಾವಿನ ಸಾರಿನ, ಪುಟ ತೆಗೆದೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಒತ್ತಕ್ಷರ ಬಂದಲ್ಲೆಲ್ಲ ನಿಂತ, 'ಒಗ್ಗರಣೆ'ಗೆ ಬಂದು ಪೂರ್ತಿ ಸಿಕ್ಕಿಹಾಕಿಕೊಂಡ. ಬೆಲ್ಲ ಎಷ್ಟು ಅಂತ ಆಯಿ ಬರೆದೇ ಇಲ್ಲ. ಮಾವು ಎಷ್ಟು ಹುಳಿಯೋ ನೋಡಿ ಹಾಕುವುದು ಅಂದೆ. ಗೇಮಿನ ಹಾಗೇ ಇದೆ ಅಂದ. ಎರಡು ಸಲ ಮಾಡಿದೆವು, ಎರಡನೆಯ ಸಲ ಲೋಟ ತುಂಬ ಕುಡಿದ.

ಹಾಗಾಗಿ ನಿಮಗೆ ಹೇಳುವುದು, ಮಗಳಿಗೆ ಕನ್ನಡ ಕಲಿ ಅನ್ನುವ ಮೊದಲು, ನನಗೆ ಈ ಆಟ ಆಡಲು ಕಲಿಸು ಅಂತ ಪಕ್ಕದಲ್ಲಿ ಕೂತುಕೊಳ್ಳಿ. ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಪ್ರಶ್ನೆ: ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಮುಂಬಯಿಯವರು ಓದಲೇಬೇಕು ಅಂತಾರೆ. ಈಗಲೂ ಓದಿಸಿಕೊಳ್ಳುತ್ತದೆಯೇ?
– ಓದುಗ, ಭಾಂಡುಪ್

ಉತ್ತರ: ಈ ಮಳೆಗಾಲ ಲೋಕಲ್‌ನಲ್ಲಿ ಹೋಗಿ ಬರುವಾಗ ಎರಡನೆಯ ಸಲ ಓದಿದೆ. 1979ರ ಕಾದಂಬರಿ. ನಾಗಪ್ಪನನ್ನು ಕೆಲಸದಿಂದ ಸಸ್ಪೆಂಡ್ ಮಾಡುತ್ತಾರೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ, ಅಲ್ಲಿಂದ ಎದುರು ಸಿಕ್ಕವರೆಲ್ಲರ ಮೇಲೂ ಅನುಮಾನ. ಇಪ್ಪತ್ತೈದರಲ್ಲಿ ಓದಿದಾಗ ಇವನ್ಯಾಕೆ ಇಷ್ಟು ಹೆದರುತ್ತಾನೆ ಅನಿಸಿತ್ತು. ಆಮೇಲೆ ನಾನೇ ಒಂದು ಕಂಪನಿಯಲ್ಲಿ, ಮೀಟಿಂಗಿಗೆ ಕರೆಯುವುದನ್ನು ನಿಲ್ಲಿಸಿ ಯಾರೂ ಕಾರಣ ಹೇಳದ ನಾಲ್ಕು ತಿಂಗಳು ಕಳೆದಿದ್ದೇನೆ. ಈ ಸಲ ನಾಗಪ್ಪನ ಪ್ರತಿ ಸಾಲೂ ಗೊತ್ತಿದ್ದವರ ಮಾತಿನ ಹಾಗೆ ಕೇಳಿಸಿತು. ಉತ್ತರ ಕನ್ನಡದ ಹನೇಹಳ್ಳಿಯ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲೇ ದುಡಿದವರು, ಆಫೀಸಿನ ಒಳಗಿನ ಭಯ ಅವರಿಗೆ ಅಷ್ಟು ನಿಖರವಾಗಿ ಗೊತ್ತು. ನಡುವೆ ನಾಗಪ್ಪ ತನ್ನೊಳಗೇ ಮಾತಾಡಿಕೊಳ್ಳುವುದು ಜಾಸ್ತಿಯಾಯಿತು ಅನಿಸುತ್ತದೆ, ನನಗೂ ದಣಿವಾಯಿತು. ಆದರೆ ಹಾರಿಸಬೇಡಿ. ಕೆಲಸ ಹೋದವನ ತಲೆ ರಾತ್ರಿ ಎರಡು ಗಂಟೆಗೆ ಹಾಗೇ ಓಡುತ್ತದೆ.

ಪ್ರಶ್ನೆ: ಒಂದು ಸಿನಿಮಾ ಹೇಳಿ.
– ಓದುಗಿ, ಠಾಣೆ

ಉತ್ತರ: ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್'. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರಾಂ ಪ್ರಿ ಪ್ರಶಸ್ತಿ ಬಂದ ಚಿತ್ರ. ಮುಂಬಯಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸ್‌ಗಳ ಕಥೆ. ಒಬ್ಬಳ ಗಂಡ ಜರ್ಮನಿಯಲ್ಲಿದ್ದಾನೆ, ಮಾತಿಲ್ಲ, ಪತ್ರವಿಲ್ಲ, ಒಂದು ದಿನ ಮನೆಗೆ ರೈಸ್ ಕುಕ್ಕರ್ ಬರುತ್ತದೆ. ರಾತ್ರಿ ಅವಳು ಆ ಕುಕ್ಕರನ್ನು ತಬ್ಬಿಕೊಂಡು ನೆಲದ ಮೇಲೆ ಕೂರುತ್ತಾಳೆ. ಅದೇ ಆಸ್ಪತ್ರೆಯ ಅಡುಗೆಯ ಪಾರ್ವತಿ ಎಷ್ಟೋ ವರ್ಷ ಬಾಳಿದ ಮನೆ ತನ್ನದು ಅನ್ನಲು ಕಾಗದವಿಲ್ಲದೆ ರತ್ನಾಗಿರಿಯ ಕಡೆಯ ತನ್ನ ಊರಿಗೆ ಹೊರಡುತ್ತಾಳೆ. ಪಕ್ಕದ ಮನೆಯ ಕಾಕುವನ್ನೂ ನನ್ನ ಜೊತೆ ಕೂರಿಸಿಕೊಂಡು ನೋಡಿದೆ. ಪಾರ್ವತಿಯ ಭಾಗ ಬಂದಾಗ ಅವರು, ಇವಳು ನಮ್ಮ ಹಳೇ ಚಾಳಿನವಳ (ಚಾಳ್ ಅಂದರೆ ಸಾಲುಮನೆಗಳ ವಠಾರ) ಥರಾನೇ ಇದ್ದಾಳೆ ಅಂದರು. ಆಮೇಲೆ ಆ ಚಾಳಿನ ಬಗ್ಗೆ ಮಧ್ಯರಾತ್ರಿವರೆಗೆ ಹೇಳಿದರು.