ಪ್ರತಿಕ್ರಿಯೆ: ಫೋಟೋಗಳಿಂದ ವಿಆರ್ ಕಲ್ಯಾಣಿ

ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಿಯನ್ನು ಮೊಬೈಲ್ ಫೋಟೋಗಳಿಂದಲೇ ವಿಆರ್‌ಗೆ (ಹೆಡ್‌ಸೆಟ್ ತೊಟ್ಟು ಸ್ಥಳದಲ್ಲೇ ಇದ್ದಂತೆ ನೋಡುವ ವರ್ಚುವಲ್ ರಿಯಾಲಿಟಿಗೆ) ತಂದು ಶಾಲಾ ಮಕ್ಕಳಿಗೆ ತೋರಿಸಬಹುದೇ, ಅದರಲ್ಲಿ ಎಐ ಮಾಡುವ ಕೆಲಸವೇನು ಎಂದು ತಾವು ಕೇಳಿದ್ದೀರಿ. ಖಂಡಿತ ಸಾಧ್ಯ. ಫೋಟೋಗಳಿಂದ ಮೂರು ಆಯಾಮದ ದೃಶ್ಯ ಕಟ್ಟುವ 2020ರ ನೆರ್ಫ್, 2023ರ ಗಾಸಿಯನ್ ಸ್ಪ್ಲಾಟಿಂಗ್ ವಿಧಾನಗಳು ಇದನ್ನು ಹವ್ಯಾಸಿಗಳಿಗೂ ಎಟುಕಿಸಿವೆ. ಎರಡನೆಯದು ದೃಶ್ಯವನ್ನು ಲಕ್ಷಾಂತರ ಮಸುಕಾದ ಬಣ್ಣದ ಹನಿಗಳೆಂದು ಭಾವಿಸಿ, ಅವುಗಳಿಂದ ಮೂಡುವ ಚಿತ್ರವು ನಿಮ್ಮ ಫೋಟೋಗಳಿಗೆ ಹೊಂದುವವರೆಗೂ ಪ್ರತಿ ಹನಿಯ ಸ್ಥಾನ, ಗಾತ್ರ, ಬಣ್ಣಗಳನ್ನು ತಿದ್ದುತ್ತಾ ಹೋಗುತ್ತದೆ (ಕಟ್ಟುನಿಟ್ಟಾಗಿ ನೋಡಿದರೆ ಮೂಲ ವಿಧಾನದಲ್ಲಿ ಇಂದಿನ ಎಐನ ಬೆನ್ನೆಲುಬಾದ ನರಜಾಲವೇ, ಅಂದರೆ ನ್ಯೂರಲ್ ನೆಟ್‌ವರ್ಕೇ, ಇಲ್ಲ, ಆದರೂ ಎಲ್ಲರೂ ಎಐ ಎಂದೇ ಕರೆಯುತ್ತಾರೆ).

ತೊಡಕಿರುವುದು ಕಲ್ಯಾಣಿಯಲ್ಲೇ. ಮೆಟ್ಟಿಲುಗಳೆಲ್ಲ ಒಂದೇ ಬಗೆಯವಾದ್ದರಿಂದ ಯಾವ ಫೋಟೋ ಎಲ್ಲಿಂದ ತೆಗೆದದ್ದೆಂದು ಗುರುತಿಸುವಾಗ ತಂತ್ರಾಂಶ ಎಡವಬಹುದು. ನೀರಿನಲ್ಲಿ ಕಾಣುವ ಪ್ರತಿಬಿಂಬವನ್ನಂತೂ ನೀರಿನಡಿಯ ಇನ್ನೊಂದು ಕಟ್ಟಡವೆಂದೇ ನಂಬಿಬಿಡುತ್ತದೆ. ಆದ್ದರಿಂದ ಮೋಡ ಕವಿದ ಬೆಳಿಗ್ಗೆ, ಜನ ಸೇರುವ ಮುನ್ನವೇ ಹೋಗಿ, ಎಕ್ಸ್‌ಪೋಷರ್ (ಫೋಟೋದ ಬೆಳಕಿನ ಮಟ್ಟ) ಬದಲಾಗದಂತೆ ಲಾಕ್ ಮಾಡಿ, ಒಂದು ಫೋಟೋದ ಬಹುಪಾಲು ಮುಂದಿನದರಲ್ಲೂ ಉಳಿಯುವಂತೆ, ಬೇರೆ ಬೇರೆ ಎತ್ತರಗಳಲ್ಲಿ ನಾಲ್ಕೈದು ಸುತ್ತು ಹಾಕಿರಿ. ಟ್ರೈಪಾಡ್ ಬಳಸುವುದಿದ್ದರೆ ಮೊದಲೇ ಅನುಮತಿ ಕೇಳಿರಿ.

ಕ್ಯಾಮೆರಾಕ್ಕೆ ಸಿಗದ ಮೂಲೆಗಳನ್ನು ಚಿತ್ರ ಸೃಷ್ಟಿಸುವ ಎಐನಿಂದ ತುಂಬಿಸುವ ಸೌಲಭ್ಯವೂ ಬಂದಿದೆ. ಆಟಗಳಿಗೆ ಅದು ಸರಿ. ಆದರೆ ಕಂಬದಲ್ಲಿ ಇಲ್ಲದ ಶಿಲ್ಪವನ್ನೂ ಅದು ನಿಸ್ಸಂಕೋಚವಾಗಿ ಕೆತ್ತಬಲ್ಲದು, ಮಕ್ಕಳು ಅದನ್ನೇ ಇತಿಹಾಸವೆಂದು ತಿಳಿಯುತ್ತಾರೆ. ಅಂಥ ಜಾಗಗಳನ್ನು ಖಾಲಿ ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ, ಹೆಡ್‌ಸೆಟ್ ಎರಡೂ ಕಣ್ಣುಗಳಿಗೆ ಸೆಕೆಂಡಿಗೆ ಸುಮಾರು 72 ಚಿತ್ರಗಳನ್ನು ಒದಗಿಸಬೇಕು. ತಡವರಿಸಿದರೆ ಮಕ್ಕಳಿಗೆ ತಲೆಸುತ್ತು ಬರಬಹುದು. ಹಾಗಾಗಿ ಹನಿಗಳ ಸಂಖ್ಯೆಯನ್ನು ತಗ್ಗಿಸಿಯೇ ಅದಕ್ಕೆ ಹಾಕಿರಿ.