ದಿವಾನಜಿ ತಪ್ಪು ಬರೆದ ಚೀಟಿ

ಹೆಸರು, ಮನೆತನದ ವಿವರ, ಅಂಗಡಿಯ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ಬ್ಯಾಡಗಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ. ಮೆಣಸಿನಕಾಯಿಯ ಘಾಟಿಲ್ಲದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಇವರನ್ನು ದಿವಾನಜಿ ಎನ್ನೋಣ. ವಯಸ್ಸು 64, ಓದು ಏಳನೆಯ ತರಗತಿ. ಅಡತಿ ಅಂಗಡಿಯಲ್ಲಿ ಕಿರ್ದಿ ಬರೆಯಲು ಕುಳಿತು ನಲವತ್ತು ವರ್ಷ. ಸಂಕ್ರಾಂತಿಯ ನಂತರದ ಆವಕದ ಭರದಲ್ಲಿ ಒಬ್ಬ ರೈತನ ಕಡ್ಡಿ ಕಾಯಿಗೆ (ಉದ್ದನೆಯ ತೆಳು ಮೆಣಸಿನಕಾಯಿ) ಇನ್ನೊಬ್ಬನ ಡಬ್ಬಿ ಕಾಯಿಯ (ಗಿಡ್ಡ, ದಪ್ಪನೆಯದು) ದರ ಬರೆದುಬಿಟ್ಟರು. ಸಂಜೆ ಲೆಕ್ಕ ತಾಳೆಯಾಗದೆ ತಪ್ಪು ಸಿಕ್ಕಿತು. ಎರಡು ವಾರದಲ್ಲಿ ಇನ್ನೊಂದು ಅಂಥದೇ ತಪ್ಪು. ಮಾಲೀಕರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವರಿಗೆ ಅನ್ನಿಸಿದ್ದೇ ಆ ಮೌನದಿಂದ.

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ ತಂದೆಯ ಮೊಬೈಲಿಗೆ ಮೆದುಳಿನ ಆಟವೊಂದನ್ನು ಹಾಕಿಕೊಟ್ಟಿದ್ದ. ರಾತ್ರಿ ಊಟವಾದ ಮೇಲೆ ತಂದೆ ಆಡಬೇಕು, ಅಂಕವನ್ನು ಮಗನಿಗೆ ಕಳಿಸಬೇಕು. ಮಾರ್ಚಿನಲ್ಲಿ ತಂದೆಯನ್ನು ಕರೆತಂದು ನನ್ನ ಆಪ್ತಸಲಹೆಯ ಮೇಜಿನ ಮೇಲೆ ಅವನು ಹರವಿದ್ದು ಆ ಅಂಕಗಳ ಗೆರೆಚಿತ್ರ. ಮೊದಲ ಕೆಲವು ವಾರ ಏರಿಕೆ, ಆಮೇಲೆ ಏಳುಬೀಳು. ಹೋಲಿಕೆಗೆಂದು ತನ್ನ ಅಂಕದ ಗೆರೆಯನ್ನೂ ಮೇಲೆ ಎಳೆದಿದ್ದ. ದಿವಾನಜಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದರು. ನನಗೆ ಸಿಟ್ಟು ಬಂತು, ತೋರಿಸಿಕೊಳ್ಳಲಿಲ್ಲ.

ಮಗನಿಗೆ ಹೇಳಿದ್ದು ಇಷ್ಟು. ಮೊದಲ ವಾರಗಳ ಏರಿಕೆ ಆಟ ರೂಢಿಯಾದದ್ದರ ಫಲ, ಮೆದುಳು ಚುರುಕಾದದ್ದರ ಗುರುತಲ್ಲ. ಆಮೇಲಿನ ಇಳಿತ ದಣಿದ ರಾತ್ರಿಗಳದ್ದಿರಬಹುದು. ಇನ್ನು ತಂದೆಯ ಪಕ್ಕದಲ್ಲಿ ಮಗನ ಗೆರೆ ಎಳೆದರೆ ಅಳೆದಂತಾಗುವುದು ವಯಸ್ಸನ್ನಲ್ಲ, ಎರಡು ತಲೆಮಾರಿನ ಶಾಲೆಯನ್ನು. ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ವಾರ್ನರ್ ಶಾಯ್ 1956ರಲ್ಲಿ ಆರಂಭಿಸಿದ ಅಧ್ಯಯನ ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಮತ್ತೆ ಅಳೆಯಿತು. ಹಿರಿಯರನ್ನು ಕಿರಿಯರ ಪಕ್ಕ ನಿಲ್ಲಿಸಿದಾಗ ಕಾಣುವ ಕುಸಿತ, ಒಬ್ಬರನ್ನು ಅವರ ಹಿಂದಿನ ಅಂಕದೊಡನೆಯೇ ಹೋಲಿಸಿದಾಗ ಅಷ್ಟು ಬೇಗ ಕಾಣಲಿಲ್ಲ.

ದಿವಾನಜಿಯ ಕೆಲಸವನ್ನು ಸ್ವಲ್ಪ ಗಮನಿಸಿ. ಒಂದು ಕಿವಿಯಲ್ಲಿ ಫೋನು, ಎದುರಿಗೆ ತೂಕ ಕೂಗುವ ಹಮಾಲ, ಕೈಯಲ್ಲಿ ಟೆಂಡರ್ ದರದ ಚೀಟಿ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಬೇಕು, ಹಾರಿದ ಮೇಲೆ ಮೊದಲಿನದನ್ನು ಮರೆಯಬಾರದು, ನಾಲಿಗೆಯ ತುದಿಯಲ್ಲಿರುವ ಹಳೆಯ ದರವನ್ನು ತಡೆಹಿಡಿಯಬೇಕು. ತಲೆಯೊಳಗಿನ ಈ ಯಜಮಾನಿಕೆಯನ್ನೇ ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುವುದು. ಇದನ್ನು ಅಳೆಯುವುದು ಆಪ್ತಸಲಹೆಗಾರರ ಕೆಲಸವಲ್ಲ. ಧಾರವಾಡದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿ ಹೋಗೋಣ ಎಂದೆ. ಅಲ್ಲಿಯವರೆಗೆ ಸುಮ್ಮನಿದ್ದ ಅವರ ಹೆಂಡತಿಯ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಯಾರನ್ನಾದರೂ ‘ಧಾರವಾಡಕ್ಕೆ ಕಳಿಸಬೇಕು’ ಎಂದರೆ ಅಲ್ಲಿಯ ಮಾನಸಿಕ ಆಸ್ಪತ್ರೆಗೆ ಎಂದೇ ಅರ್ಥ. ಪೇಡೆ ತರುವ ಊರಿಗೇ ಹೋಗುತ್ತಿದ್ದೇವೆ ಎಂದು ಸಮಾಧಾನ ಮಾಡಬೇಕಾಯಿತು.

ಪರೀಕ್ಷೆಯ ಹೊತ್ತಿನಲ್ಲಿ, ಅವರ ಒಪ್ಪಿಗೆ ಪಡೆದು, ಹಿಂದೆ ಕುಳಿತಿದ್ದೆ. ‘ಕ’ ಅಕ್ಷರದಿಂದ ಒಂದು ನಿಮಿಷದಲ್ಲಿ ಎಷ್ಟು ಪದ ಹೇಳಬಲ್ಲಿರಿ ಎಂದಾಗ ಕಡ್ಡಿ, ಕಾಯಿ, ಕಾಟಾ, ಕಮಿಷನ್, ಕಿರ್ದಿ, ಕಡ ಎಂದು ಇಡೀ ಅಂಗಡಿಯೇ ಹೊರಬಂತು. ಆಮೇಲೆ ಕಲರ್ ಟ್ರೇಲ್ಸ್. ಮೊದಲ ಹಾಳೆಯಲ್ಲಿ 1ರಿಂದ 25ರವರೆಗೆ ವೃತ್ತಗಳನ್ನು ಗೆರೆಯಿಂದ ಕೂಡಿಸಬೇಕು. 78 ಸೆಕೆಂಡ್ ಹಿಡಿಯಿತು. ಎರಡನೆಯದರಲ್ಲಿ ಅಂಕಿ ಏರುತ್ತ ಹೋದಂತೆ ಬಣ್ಣವೂ ಬದಲಾಗಬೇಕು, ಒಮ್ಮೆ ಗುಲಾಬಿ, ಒಮ್ಮೆ ಹಳದಿ. ಅರ್ಧ ದಾರಿಯಲ್ಲಿ ಪೆನ್ಸಿಲ್ ಗುಲಾಬಿಯಿಂದ ಗುಲಾಬಿಗೇ ಹೋಯಿತು. ತಡೆದು, ನಾಲಿಗೆ ಕಚ್ಚಿಕೊಂಡು, ‘ಇದೇ, ಇದೇ ಆಗುತ್ತಿರುವುದು’ ಎಂದರು. ಒಟ್ಟು 221 ಸೆಕೆಂಡ್. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 143. ವಯಸ್ಸಾದಂತೆ ಕೈ, ಕಣ್ಣು ನಿಧಾನವಾಗುವುದು ಸಹಜ. ಆ ನಿಧಾನವನ್ನು ಬಹುಮಟ್ಟಿಗೆ ಬದಿಗಿಟ್ಟು, ಹಾರಾಟದ ಕಷ್ಟವನ್ನಷ್ಟೇ ನೋಡಲು ಈ ವ್ಯವಕಲನ. ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾ ಗುಚ್ಛದಲ್ಲಿ ಮಾನದಂಡಗಳನ್ನು ವಯಸ್ಸು, ಲಿಂಗ, ಓದಿಗೆ ತಕ್ಕಂತೆ ವಿಂಗಡಿಸಿದ್ದಾರೆ. ಏಳನೆಯ ತರಗತಿ ಓದಿದವರನ್ನು ಪದವೀಧರರ ತಕ್ಕಡಿಯಲ್ಲಿ ತೂಗುವ ಅನ್ಯಾಯ ಹಾಗಾಗಿ ತಪ್ಪುತ್ತದೆ. ಓದಿದವರ ಸಾಲಿಗೆ ಸೇರಿಸಿದರೂ ಇವರ ಪದಗಳು ಚೆನ್ನಾಗಿದ್ದವು. ಹಾರಾಟ ಮಾತ್ರ ಅವರದೇ ಸಾಲಿನಲ್ಲೂ ಹಿಂದೆ ಬಿದ್ದಿತ್ತು.

ಗಂಟು ಬಿಚ್ಚಿದ್ದು ಚಹಾದ ಹೊತ್ತಿನಲ್ಲಿ. ಎರಡು ಸಲ ಸೀನಿದ ದಿವಾನಜಿ ಜೇಬಿನಿಂದ ಸಣ್ಣ ಮಾತ್ರೆಯೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಕ್ಲೋರ್‌ಫೆನಿರಮಿನ್, ಅಲರ್ಜಿಗೆ ಕೊಡುವ ಹಳೆಯ ಕಾಲದ ಔಷಧ. ಮೆಣಸಿನಕಾಯಿ ದೂಳಿಗೆ ಔಷಧದಂಗಡಿಯಿಂದ ತಾವೇ ತರುತ್ತಾರಂತೆ; ಸುಗ್ಗಿಯಲ್ಲಿ ದಿನಕ್ಕೆ ಮೂರು. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ಮಾತ್ರೆ ತೂಕಡಿಕೆ ತರುವುದಷ್ಟೇ ಅಲ್ಲ, ಗಮನಕ್ಕೂ ನೆನಪಿಗೂ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಮೆದುಳಿನ ರಾಸಾಯನಿಕಕ್ಕೆ ಅಡ್ಡಗಾಲು ಹಾಕುತ್ತದೆ. ಹಿರಿಯರಲ್ಲಿ ಇದರ ಹೊಡೆತ ಹೆಚ್ಚು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಮಾತ್ರೆಯ ವಿಷಯವನ್ನು ವೈದ್ಯರ ಮುಂದಿಟ್ಟು ಬದಲಿ ಕೇಳಿ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಿವಿಯನ್ನೂ ತೋರಿಸಿ, ಏಕೆಂದರೆ ದರ ಸರಿಯಾಗಿ ಕೇಳಿಸದಿದ್ದರೆ ಬರೆಯುವುದೂ ತಪ್ಪುತ್ತದೆ. ಚೀಟಿ ಬರೆಯುವಾಗ ಫೋನು ಹುಡುಗನ ಕೈಯಲ್ಲಿರಲಿ. ಡಬ್ಬಿಯ ದರಕ್ಕೆ ಕೆಂಪು ಶಾಯಿ. ಮೊಬೈಲಿನ ಆಟ ಬೇಕಿದ್ದರೆ ಆಡಿ, ಅಂಕ ಯಾರಿಗೂ ಕಳಿಸಬೇಡಿ. ಈ ಕೊನೆಯದಕ್ಕೆ ಮಗ ಒಪ್ಪಲು ಎರಡು ಭೇಟಿ ಬೇಕಾದವು. ಕಾಳಜಿಯನ್ನು ಅವನು ಅಂಕಿಗಳಲ್ಲಲ್ಲದೆ ಬೇರೆ ರೀತಿಯಲ್ಲಿ ತೋರಿಸಲು ಕಲಿತವನಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಅಳೆದರು: ಅದೇ ಕೋಣೆ, ಅದೇ ಬೆಳಗಿನ ಹೊತ್ತು, ಅದೇ ಕನ್ನಡಕ, ಹಾಳೆ ಮಾತ್ರ ಬೇರೆ ಮಾದರಿಯದು. 74 ಮತ್ತು 168, ವ್ಯತ್ಯಾಸ 94. ಇದರಲ್ಲಿ ಮಾತ್ರೆ ಬಿಟ್ಟದ್ದರ ಪಾಲೆಷ್ಟು, ಎರಡನೆಯ ಸಲದ ರೂಢಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಅದಲ್ಲದೆ ಸೆಪ್ಟೆಂಬರಿನಲ್ಲಿ ದೂಳೂ ಇಲ್ಲ, ಗದ್ದಲವೂ ಇಲ್ಲ. ಮಾರ್ಚಿಗೆ ಸರಿಸಾಟಿಯಾಗಬೇಕಾದರೆ ಇನ್ನೊಂದು ಮಾರ್ಚೇ ಬರಬೇಕು.

ಹಾಗೆಂದು ದಿನಾಂಕ ಹೇಳಿದಾಗ ದಿವಾನಜಿ ತಲೆಯಾಡಿಸಿದರು. ಆವಕ ಜೋರಿರುತ್ತದೆ, ಯುಗಾದಿ ಕಳೆಯಲಿ ಎಂದರು. ಕಿಸೆಯ ಪುಸ್ತಕ ತೆಗೆದು, ಯುಗಾದಿಯ ಮರುವಾರದ ಸೋಮವಾರವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡರು.