ಪಿಟಿ ದಿನದ ಹೊಟ್ಟೆನೋವು

ಪಿಟಿ ಇರುವ ದಿನ ಮಗ ಹೊಟ್ಟೆನೋವು ಅಂತಾನೆ, ಕ್ರಿಕೆಟ್ ಕೋಚಿಂಗಿಗೆ ಸೇರಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ ಮೇಡಂ. ಅದು ನಾಟಕ ಅಂದುಕೊಳ್ಳಬೇಡಿ, ಭಯಕ್ಕೂ ಹೊಟ್ಟೆ ಹಿಂಡುತ್ತದೆ. ನನ್ನ ಮಗನೂ ಹೀಗೇ ಇದ್ದ. ಎದುರು ಕೂರಿಸಿ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಒಂದು ಸಂಜೆ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಕೈಯಲ್ಲಿದ್ದ ಕಾಯಿ ನೋಡುತ್ತಲೇ, "ಟೀಮ್ ಆರಿಸುವಾಗ ಕೊನೆಗೆ ನಾನೊಬ್ಬನೇ ಉಳೀತೀನಿ" ಅಂದ. ನಾನು ಬುದ್ಧಿ ಹೇಳಲಿಲ್ಲ. "ತುಂಬಾ ಬೇಜಾರಾಗತ್ತೆ ಅಲ್ವಾ" ಅಂದೆ, ಅಷ್ಟೆ. ಆಮೇಲೆ ಅವನೇ ಎಲ್ಲಾ ಹೇಳಿಕೊಂಡ. ನಿಮ್ಮ ಮಗನದ್ದೂ ಇದೇ ಕಾರಣವಾದರೆ, "ಟೀಮ್ ನೀವೇ ಮಾಡಿ" ಅಂತ ಪಿಟಿ ಮೇಷ್ಟ್ರನ್ನು ಕೇಳಿಕೊಳ್ಳಿ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಗೆ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಕ್ರಿಕೆಟ್ಟೇ ಆಗಬೇಕಿಲ್ಲ. ಸೈಕಲ್, ಈಜು, ಬಿರುಸು ನಡಿಗೆಯೂ ಸಾಕು. ಪಿಟಿ ಇಲ್ಲದ ದಿನವೂ ನೋವು ಬಂದರೆ ಮಾತ್ರ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.